ಒಂಬತ್ತನೇ ತಾರೀಕಿನ ಮಳೆ

ಮಳೆ ಅಳೆಯುವುದಕ್ಕೆ ಬುದ್ಧಿವಂತಿಕೆ ಬೇಕಾಗಿಲ್ಲ, ಹಟ ಬೇಕು. ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ಹತ್ತಿರ ನಿಂತಿರಬೇಕು, ಅಷ್ಟೇ. ಎಂಟು ಇಪ್ಪತ್ತಕ್ಕಲ್ಲ, ಒಂಬತ್ತಕ್ಕಲ್ಲ. ಜ್ವರ ಬಂದಿತ್ತು, ನೆಂಟರು ಬಂದಿದ್ದರು, ಬಸ್ಸು ಕೆಟ್ಟಿತ್ತು ಎಂಬ ಕಥೆಗಳನ್ನೆಲ್ಲ ಮೂವತ್ತಮೂರು ವರ್ಷ ಮೇಷ್ಟರಾಗಿ ಮಕ್ಕಳ ಬಾಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ನನ್ನ ಬಾಯಿಂದ ಮಾತ್ರ ಅಂಥದ್ದು ಬರಕೂಡದು ಎಂದು ನಿರ್ಧಾರ ಮಾಡಿಕೊಂಡಿದ್ದೆ.

ನನ್ನ ಹೆಸರು ವಾದಿರಾಜ. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇನೆ. ಕೆಲಸ ಮಾಡಿದ್ದು ಇಲ್ಲಿಂದ ಹೊಳೆಹೊನ್ನೂರಿನ ಕಡೆಗೆ ಹದಿನಾಲ್ಕು ಕಿಲೋಮೀಟರ್ ದೂರದ ಮಾವಿನಕೊಪ್ಪದ ಪ್ರಾಥಮಿಕ ಶಾಲೆಯಲ್ಲಿ. ಶಾಲೆಯ ಹಿಂದೆ ತಂತಿಬೇಲಿಯೊಳಗೆ ಮಳೆಮಾಪಕವಿದೆ. ಊರಿನವರಿಗೆ ಅದು ಮೇಷ್ಟ್ರ ಡಬ್ಬಿ. ಮೇಲೆ ಆಲಿಕೆ, ಒಳಗೆ ಬಾಟಲಿ. ಹಿಂದಿನ ದಿನ ಎಂಟೂವರೆಯಿಂದ ಈ ದಿನ ಎಂಟೂವರೆಯ ತನಕ ಬಿದ್ದ ಮಳೆ ಬಾಟಲಿಯಲ್ಲಿ ಕೂತಿರುತ್ತದೆ. ಅದನ್ನು ಗೆರೆ ಹಾಕಿದ ಅಳತೆ ಗಾಜಿಗೆ ಸುರಿದು ನೋಡಿ, ಆ ದಿನದ ತಾರೀಕಿನ ಮುಂದೆ ಬರೆದು, ನೀರನ್ನು ಚೆಲ್ಲಬೇಕು. ಗಾಜು ಒಂದು ಸಲಕ್ಕೆ ಇಪ್ಪತ್ತು ಮಿಲಿಮೀಟರ್ ಹಿಡಿಯುತ್ತದೆ, ಬಾಟಲಿ ಒಟ್ಟು ಇನ್ನೂರು. ಅದಕ್ಕಿಂತ ಹೆಚ್ಚು ಬಿದ್ದರೆ ಉಕ್ಕಿ ಹೋಗುತ್ತದೆ. ಹಾಗೆ ಹೋದ ಮಳೆ ಎಷ್ಟು ಅಂತ ಬ್ರಹ್ಮನೂ ಹೇಳಲಾರ.

ನಿವೃತ್ತಿಯಾದ ಮೇಲೂ ಇದನ್ನು ಬಿಡಲಿಲ್ಲ. ಹೊಸದಾಗಿ ಬಂದ ಮೇಷ್ಟರಿಗೆ ಇದು ಬೇಡದ ತಲೆನೋವು, ನನಗೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ. ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

ಕಳೆದ ನವೆಂಬರಿನಲ್ಲಿ ಬಿಂದುಶ್ರೀ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಶಿವಮೊಗ್ಗದವಳು, ಡಾಕ್ಟರೇಟಿಗೆ ಓದುತ್ತಿದ್ದಾಳೆ. ಅವಳ ವಿಷಯ ಗೌರಿಹಳ್ಳ. ಗೌರಿಹಳ್ಳವೆಂದರೆ ಮಾವಿನಕೊಪ್ಪದ ಮೇಲಿನ ಕುರುಚಲು ಗುಡ್ಡಗಳಲ್ಲಿ ಹುಟ್ಟಿ, ಮೂರು ಕೆರೆ ತುಂಬಿಸಿ, ಆ ಊರಿನ ಸೇತುವೆಯ ಕೆಳಗೆ ಹಾದು ಭದ್ರೆಗೆ ಸೇರುವ ಇಪ್ಪತ್ತೊಂದು ಕಿಲೋಮೀಟರಿನ ಒಂದು ಹಳ್ಳ. ನಕ್ಷೆಯಲ್ಲಿ ಅದಕ್ಕೆ ಹೆಸರೂ ಇಲ್ಲ. ಅದರ ಜಲಾನಯನದಲ್ಲಿ ಎಷ್ಟು ಮಳೆ ಬಿದ್ದರೆ ಎಷ್ಟು ನೀರು ಹಳ್ಳಕ್ಕೆ ಬರುತ್ತದೆ, ಎಷ್ಟು ನೆಲಕ್ಕೆ ಇಂಗುತ್ತದೆ, ವರ್ಷದಿಂದ ವರ್ಷಕ್ಕೆ ಅದು ಹೇಗೆ ಬದಲಾಗಿದೆ ಎಂದು ಅವಳು ಲೆಕ್ಕ ಹಾಕಬೇಕು. ಅದಕ್ಕೆ ನನ್ನ ಇಪ್ಪತ್ತೇಳು ಪುಸ್ತಕ ಬೇಕು.

"ಹೊರಗೆ ಕೊಡೋದಿಲ್ಲ" ಎಂದೆ. "ಇಲ್ಲೇ ಕೂತು ನೋಡಬೇಕು."

"ಆಯ್ತು ಸರ್, ದಿನಾ ಬರ್ತೀನಿ" ಎಂದಳು.

ನನಗೆ ಬೇಕಾಗಿದ್ದೂ ಅದೇ. ಸುಳ್ಳೇಕೆ ಹೇಳಲಿ, ಆ ಮನೆಯಲ್ಲಿ ನಾನು ಬಿಟ್ಟು ಇನ್ನೊಬ್ಬರು ಕೂತು ಉಸಿರಾಡಿ ವರ್ಷಗಳಾಗಿದ್ದವು. ಮಾರನೆಯ ದಿನದಿಂದ ಅರ್ಧ ಲೀಟರ್ ಹಾಲು ಹೆಚ್ಚು ತಂದೆ. ಅವಳು ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಪುಟದ ಅಂಕಿ ಹೊಡೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಕೇಳಲಿ ಬಿಡಲಿ, ಒಂದೊಂದು ವರ್ಷದ ಕಥೆ ಹೇಳುತ್ತಿದ್ದೆ. ಮೊದಲೆಲ್ಲ ಜುಲೈ ತಿಂಗಳೆಂದರೆ ಇಪ್ಪತ್ತು ದಿನ ಜಿಟಿಜಿಟಿ, ದಿನಕ್ಕೆ ಏಳು, ಎಂಟು, ಹತ್ತು ಮಿಲಿಮೀಟರ್. ಈಗ ಹದಿನೈದು ದಿನ ಬಿಸಿಲು ಹೊಡೆದು ಮೂರು ದಿನದಲ್ಲಿ ಎಲ್ಲ ಸುರಿದುಬಿಡುತ್ತದೆ. ಒಟ್ಟು ಕೂಡಿದರೆ ಅಷ್ಟೇ, ಆದರೆ ಜನವರಿಗೇ ಹಳ್ಳದ ಕಲ್ಲು ಕಾಣುತ್ತದೆ. ಮೊದಲು ಯುಗಾದಿಯ ತನಕ ನೀರಿರುತ್ತಿತ್ತು.

"ಇದನ್ನೇ ಸರ್ ನಾನು ತೋರಿಸ್ಬೇಕಾಗಿರೋದು. ನೀವು ಬಾಯಲ್ಲಿ ಹೇಳಿದ್ದನ್ನ ನಾನು ನೂರೈವತ್ತು ಪುಟ ಬರೀಬೇಕು" ಎಂದು ನಕ್ಕಳು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಅವಳು ಹೋದ ಮೇಲೆ ಎರಡು ಲೋಟ ತೊಳೆಯುವುದೂ ಹಿತವಾಗಿತ್ತು.

ಒಂಬತ್ತನೆಯ ದಿನ ಅವಳು ಆರು ವರ್ಷದ ಹಿಂದಿನ ಆಗಸ್ಟಿಗೆ ಬಂದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸರಿಸುತ್ತಾ ನಿಂತೆ.

"ಸರ್, ಒಂದ್ನಿಮಿಷ ಬರ್ತೀರಾ?"

ಹೋದೆ. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ನನ್ನ ಮಳೆ, ಇನ್ನೊಂದು ಹಳ್ಳದ ನೀರಿನ ಮಟ್ಟ. ಆ ಮಟ್ಟವನ್ನು ಬರೆಯುವವನು ಮುರುಗೇಶಪ್ಪ. ಸೇತುವೆಯ ಪಕ್ಕದಲ್ಲೇ ಅವನ ಟೀ ಅಂಗಡಿ. ಸೇತುವೆಯ ಕಂಬಕ್ಕೆ ಇಲಾಖೆಯವರು ಬಣ್ಣದಲ್ಲಿ ಮೀಟರ್ ಗುರುತು ಹಾಕಿ ಹೋಗಿದ್ದಾರೆ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಅದನ್ನು ನೋಡಿ ಬರೆಯುವುದು ಅವನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು.

"ನೋಡಿ ಸರ್, ಒಂಬತ್ತಕ್ಕೆ ನಿಮ್ಮ ಮಳೆ ಇಪ್ಪತ್ತೆರಡೂವರೆ ಮಿಲಿಮೀಟರ್. ಹತ್ತಕ್ಕೆ ನೂರ ಎಂಬತ್ತೇಳು ಪಾಯಿಂಟ್ ನಾಲ್ಕು. ನಿಮ್ಮ ಪುಸ್ತಕದಲ್ಲೇ ಅತಿ ದೊಡ್ಡ ಮಳೆ ಅದು. ಆದ್ರೆ ಹಳ್ಳ ನೋಡಿ. ಒಂಬತ್ತನೇ ತಾರೀಕು ಬೆಳಿಗ್ಗೇನೇ ಮೂರು ಮೀಟರ್ ನಲವತ್ತು. ಹತ್ತಕ್ಕೆ ಇಳಿದು ಎರಡು ಹತ್ತು. ಅಂದ್ರೆ ಮಳೆ ಬರೋಕೆ ಒಂದಿನ ಮೊದಲೇ ಹಳ್ಳ ಬಂದಿದೆ."

ನಾನು ಪರದೆಯ ಗೆರೆಗಳನ್ನೇ ನೋಡುತ್ತಿದ್ದೆ.

"ಆಚೆ ಊರಿನ ಮಳೆಮಾಪಕದ್ದು ಆ ತಿಂಗಳ ಲೆಕ್ಕಾನೇ ಸಿಕ್ಕಿಲ್ಲ. ಹಾಗಾಗಿ ಇರೋದು ನೀವಿಬ್ರೇ. ಮುರುಗೇಶಪ್ಪನವರು ತಾರೀಕು ತಪ್ಪು ಬರ್ದಿರ್ಬೇಕು ಅಲ್ವಾ ಸರ್? ಒಂದಿನ ತಪ್ಪಿದ್ರೆ ಆ ವರ್ಷ ಪೂರ್ತಿ ನಂಬೋ ಹಾಗಿಲ್ಲ. ನಮ್ಮ ಗೈಡ್ ಅಂತೂ ಅವರ ಪುಸ್ತಕಾನೇ ಬಿಟ್ಟುಬಿಡು ಅಂತಾರೆ."

ಅವಳು ನನ್ನ ಮುಖ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷ ಒಂದು ದಿನವೂ ತಪ್ಪಿಸದ ಮೇಷ್ಟರ ಮುಖ.

"ಇರಬಹುದು" ಎಂದೆ.

ಐದು ಅಕ್ಷರಕ್ಕಿಂತ ಹೆಚ್ಚಿಲ್ಲದ ಇಂಥ ಸುಳ್ಳಿಗೆ ನನ್ನ ಕ್ಲಾಸಿನ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವಳು ಏನೋ ಗುರುತು ಹಾಕಿಕೊಂಡು, ಕಾಫಿ ಕುಡಿದು ಹೋದಳು.

ಆ ಆಗಸ್ಟಿನಲ್ಲಿ ನನ್ನ ಹೆಂಡತಿ ಮೀರಾ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿದ್ದಳು. ಕಿಡ್ನಿ ಎರಡೂ ಹೋಗಿದ್ದವು. ಎಷ್ಟು ನೀರು ಕುಡಿದಳು, ಎಷ್ಟು ಮೂತ್ರ ಹೋಯಿತು ಎಂದು ಬರೆಯುವ ಒಂದು ಹಾಳೆಯನ್ನು ನರ್ಸ್ ಕೊಟ್ಟಿದ್ದರು. ಅಳತೆ ನನ್ನ ಕಸುಬು. ಅವರಿಗಿಂತ ಚೆನ್ನಾಗಿ ಬರೆಯುತ್ತಿದ್ದೆ. ಒಳಗೆ ಹೋಗುವುದು ಹೆಚ್ಚು, ಹೊರಗೆ ಬರುವುದು ಕಡಿಮೆ. ಉಳಿದದ್ದು ಅವಳ ಕಾಲಲ್ಲಿ, ಮುಖದಲ್ಲಿ, ಆಮೇಲೆ ಎದೆಯಲ್ಲಿ ಸೇರಿಕೊಳ್ಳುತ್ತಿತ್ತು. ಹಳ್ಳದ ಲೆಕ್ಕಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಹದಿನೈದು ದಿನ ನಾನು ಬೆಳಿಗ್ಗೆ ಆರೂಕಾಲರ ಬಸ್ಸು ಹಿಡಿದು, ಭದ್ರಾವತಿಯಲ್ಲಿ ಇಳಿದು, ಸ್ಕೂಟರಿನಲ್ಲಿ ಮಾವಿನಕೊಪ್ಪಕ್ಕೆ ಹೋಗಿ ಎಂಟೂವರೆಗೆ ಮಳೆ ಅಳೆದು, ಹನ್ನೊಂದರೊಳಗೆ ಆಸ್ಪತ್ರೆಗೆ ವಾಪಸು ಬರುತ್ತಿದ್ದೆ. ನಾನು ಬರುವ ತನಕ ಮಗಳು ನವ್ಯಾ ಕೂತಿರುತ್ತಿದ್ದಳು. ಅವಳು ಶಿವಮೊಗ್ಗದಲ್ಲೇ ಲ್ಯಾಬ್ ಟೆಕ್ನಿಷಿಯನ್, ಮನೆ ವಿನೋಬನಗರದಲ್ಲಿ.

ಒಂಬತ್ತನೇ ತಾರೀಕು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಮೀರಾ ಕಣ್ಣು ತೆರೆದು, "ಇವತ್ತೊಂದಿನ ಹೋಗ್ಬೇಡಿ" ಎಂದಳು.

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ನಾನು ಚಪ್ಪಲಿ ಬಿಟ್ಟೆ. ಇಡೀ ದಿನ ಅವಳ ಪಕ್ಕದಲ್ಲಿದ್ದೆ. ಹಿಂದಿನ ರಾತ್ರಿಯಿಂದ ಹೊಯ್ದ ಮಳೆ ಕಿಟಕಿಯ ಮೇಲೆ ಇನ್ನೂ ಬಡಿಯುತ್ತಿತ್ತು. ತಲೆ ಬಾಚಿದೆ. ಮೋಸಂಬಿ ಸುಲಿಯಿರಿ ಎಂದಳು.

"ತಿನ್ನೋ ಹಾಗಿಲ್ವಲ್ಲೇ."

"ತಿನ್ನಲ್ಲ. ವಾಸನೆ ನೋಡ್ತೀನಿ."

ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಮಲಗಿದ್ದಳು. ನಡುನಡುವೆ ನನ್ನ ಕಣ್ಣು ಕಿಟಕಿಗೆ ಹೋಗುತ್ತಿದ್ದುದನ್ನು ನೋಡಿ, "ಬಾಟ್ಲಿ ತುಂಬ್ತಾ ಇದೆ ಅಂತ ಯೋಚ್ನೆ ಅಲ್ವಾ" ಎಂದು ನಕ್ಕಳು. ನನಗೆ ನಾಚಿಕೆಯಾಯಿತು. ಆದರೆ ಯೋಚನೆ ಅದೇ ಆಗಿತ್ತು.

ಆ ರಾತ್ರಿಯೂ ಬಿಡದೆ ಸುರಿಯಿತು. ಹತ್ತನೇ ತಾರೀಕು ಬೆಳಗಾದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಎರಡು ರಾತ್ರಿಯ ಮಳೆ ಒಂದೇ ಬಾಟಲಿಯಲ್ಲಿ ಕೂತಿದೆ, ಇವತ್ತು ಹೋಗದಿದ್ದರೆ ಉಕ್ಕಿಬಿಡುತ್ತದೆ. ಮೀರಾ ನಿದ್ದೆಯಲ್ಲಿದ್ದಳು. ವರಾಂಡದಲ್ಲಿ ನವ್ಯಾ ಎದುರಾದಳು.

"ಅಪ್ಪ, ಇವತ್ತು ಬೇಡ. ಅಮ್ಮನ ಉಸಿರು ಸರಿ ಇಲ್ಲ. ಡಾಕ್ಟರು ಎಂಟು ಗಂಟೆಗೆ ಬರ್ತಾರಂತೆ."

"ಹೋಗಿ ಓಡಿ ಬಂದ್ಬಿಡ್ತೀನಿ ಕಣೆ. ಬಾಟ್ಲಿ ಉಕ್ಕಿಬಿಡುತ್ತೆ."

ನಾನು ಹೋದೆ.

ಎಂಟೂವರೆಗೆ ಬೇಲಿಯೊಳಗೆ ಬಗ್ಗಿ ಬಾಟಲಿ ಎತ್ತಿದಾಗ ಅದು ಕಂಠದ ಹತ್ತಿರದ ತನಕ ತುಂಬಿತ್ತು. ಅಷ್ಟು ನೀರನ್ನು ನಾನು ಎಂದೂ ನೋಡಿರಲಿಲ್ಲ. ಗಾಜಿಗೆ ಇಪ್ಪತ್ತರ ಗೆರೆಯ ತನಕ ಸುರಿದು, ಚೆಲ್ಲಿ, ಬಾಯಲ್ಲಿ ಎಣಿಸುತ್ತಾ ಹೋದೆ. ಒಂದು, ಎರಡು, ಮೂರು. ಆರನೆಯದು ಸುರಿಯುವಾಗ ಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ತೆಗೆಯಲಿಲ್ಲ. ಮಧ್ಯದಲ್ಲಿ ಎಣಿಕೆ ತಪ್ಪಿದರೆ ಚೆಲ್ಲಿದ ಮಳೆಯನ್ನು ಮತ್ತೆ ತುಂಬಿಕೊಂಡು ಅಳೆಯುವುದಕ್ಕಾಗುತ್ತದೆಯೇ? ಏಳು, ಎಂಟು, ಒಂಬತ್ತು. ಆಮೇಲೆ ಏಳು ಪಾಯಿಂಟ್ ನಾಲ್ಕು. ಬರೆದೆ. ಬಾಟಲಿ ಒಳಗಿಟ್ಟೆ, ಆಲಿಕೆ ಕೂರಿಸಿದೆ, ಬೀಗ ಹಾಕಿದೆ. ಆಮೇಲೆ ಫೋನ್ ನೋಡಿದೆ. ನವ್ಯಾ ಮೂರು ಸಲ ಮಾಡಿದ್ದಳು.

ಮೀರಾ ಹೋದದ್ದು ಎಂಟು ಮೂವತ್ತೆಂಟಕ್ಕೆ. ನಾನು ಬಹುಶಃ ಏಳನೆಯದನ್ನು ಎಣಿಸುತ್ತಿದ್ದೆ.

ಮಾರನೆಯ ದಿನ, ಹನ್ನೊಂದನೇ ತಾರೀಕು, ಹೆಂಡತಿಯನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ, ನಾನು ಮತ್ತೆ ಡಬ್ಬಿಯ ಹತ್ತಿರ ಹೋದೆ. ಸೂತಕದವನು ಸ್ಕೂಟರ್ ಹತ್ತಿ ಹೊರಟಿದ್ದನ್ನು ನೋಡಿ ನೆಂಟರು ಬಾಯಿಗೆ ಬಂದಂತೆ ಆಡಿಕೊಂಡರು. ಹೋಗದೆ ಏನು ಮಾಡಲಿ? ಹೆಂಡತಿಯನ್ನು ಬಿಟ್ಟು ಹೋಗಿ ಅಳೆದವನು, ಹೆಂಡತಿಯೇ ಇಲ್ಲದ ಮೇಲೆ ಬಿಟ್ಟುಬಿಟ್ಟರೆ ಹಿಂದಿನ ದಿನ ಹೋಗಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅವತ್ತು ನಾಲ್ಕು ಪಾಯಿಂಟ್ ಎರಡು.

ತಿಂಗಳ ಕೊನೆಗೆ ತಾಲ್ಲೂಕಿಗೆ ಪಟ್ಟಿ ಕಳಿಸುವಾಗ ಒಂಬತ್ತನೇ ತಾರೀಕಿನ ಮುಂದೆ ಖಾಲಿ ಇತ್ತು. ಖಾಲಿ ಬಿಟ್ಟರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಬರೆಯಲು ಕೈ ಬರಲಿಲ್ಲ. ಎಂಟನೇ ತಾರೀಕಿಗೆ ಇಪ್ಪತ್ತನಾಲ್ಕು ಇತ್ತು. ಅದನ್ನು ನೋಡಿ ಇಪ್ಪತ್ತೆರಡೂವರೆ ಎಂದು ಗೀಚಿದೆ. ಹತ್ತರ ಅಂಕಿಯಿಂದ ಅಷ್ಟನ್ನು ಕಳೆಯಲಿಲ್ಲ, ಏಕೆಂದರೆ ಅದು ನಾನು ಕಣ್ಣಾರೆ ಅಳೆದದ್ದು. ಹೀಗೆ ಒಂದು ಸುಳ್ಳೂ ಒಂದು ನಿಜವೂ ಸೇರಿ ಇಪ್ಪತ್ತೇಳು ವರ್ಷದ ಅತಿ ದೊಡ್ಡ ಮಳೆ ಹುಟ್ಟಿತು.

ಆ ಅಂಕಿಯನ್ನು ನಾನು ಹೇಗೆ ಹಿಡಿದುಕೊಂಡೆ ಎಂದರೆ, ಮುಳುಗುವವನು ಹಗ್ಗ ಹಿಡಿದ ಹಾಗೆ. ಸಿಕ್ಕವರಿಗೆಲ್ಲ ಹೇಳಿದೆ: ಅವತ್ತು ನಾನು ಹೋಗದಿದ್ದರೆ ಬಾಟಲಿ ಉಕ್ಕಿ, ಅಷ್ಟು ದೊಡ್ಡ ಮಳೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ನವ್ಯಾಳಿಗೂ ಹೇಳಿದೆ, ಹಬ್ಬಕ್ಕೆ ಅವಳ ಮನೆಗೆ ಹೋದಾಗ, ಶ್ರಾದ್ಧದ ದಿನ, ಕಾರಣವಿದ್ದಾಗ, ಇಲ್ಲದಿದ್ದಾಗ. ನಾನು ಬಾಟಲಿ ಎಂದ ಕೂಡಲೇ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಕೋಪ ಎಂದುಕೊಂಡೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಅರ್ಧ ಗಂಟೆಯ ದಾರಿ. ಅವಳು ಈಚೆಗೆ ವರ್ಷಕ್ಕೆ ಎರಡು ಸಲ ಬರುತ್ತಾಳೆ. ಭಾನುವಾರ ಫೋನ್ ಮಾಡುತ್ತಾಳೆ: ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ. ಎರಡು ನಿಮಿಷ. ಉಳಿದ ವಾರವೆಲ್ಲ ನಾನು ಮತ್ತು ಗೋಡೆ.

ಬಿಂದುಶ್ರೀಗೆ "ಇರಬಹುದು" ಎಂದ ಮರುದಿನ ಮಳೆಯೇನೂ ಇರಲಿಲ್ಲ. ಮಳೆಯಿಲ್ಲದ ದಿನವೂ ಹೋಗಿ ಸೊನ್ನೆ ಬರೆಯಬೇಕು. ಬರೆದು, ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಮುರುಗೇಶಪ್ಪನ ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಎಂದಿನಂತೆ ನನಗೆ ಸಕ್ಕರೆ ಕಡಿಮೆ ಹಾಕಿ ಟೀ ಕೊಟ್ಟ. ಆದರೆ ಎಂದಿನ ಮಾತು ಮಾತ್ರ ಇರಲಿಲ್ಲ.

"ಯಾಕೋ ಮಾರಾಯ, ಹುಷಾರಿಲ್ವಾ?"

"ನಿನ್ನೆ ಸಾಯಂಕಾಲ ಆ ಹುಡುಗಿ ಫೋನ್ ಮಾಡಿತ್ತು ಮೇಷ್ಟ್ರೆ. ಆರು ವರ್ಷದ ಹಿಂದೆ ನಾನು ತಾರೀಕು ತಪ್ಪು ಬರ್ದಿದ್ದೀನಂತೆ. ನನ್ನ ಪುಸ್ತಕ ಬಳಸಕ್ಕೆ ಬರಲ್ವಂತೆ."

ನಾನು ಟೀ ಊದಿದೆ.

"ಅವತ್ತು ಒಂಬತ್ತೇ ಮೇಷ್ಟ್ರೆ. ನೀರು ಈ ಮೆಟ್ಲಿಗೆ ಬಂದಿತ್ತು. ನಮ್ಮಮ್ಮ ಹುಚ್ಚಮ್ಮ ಅಲ್ಲಿ ಕೂತು ಸೌದೆ ಮೇಲಕ್ಕೆ ಎಸೀತಿದ್ಲು. ನಾನು ಮೊಣಕಾಲು ನೀರಲ್ಲಿ ನಿಂತು ಕಂಬ ನೋಡಿ ಬರ್ದೆ. ಮರೆಯೋ ದಿನಾನಾ ಅದು?"

"ಹಾಗಂತ ಹೇಳ್ಬೇಕಾಗಿತ್ತು ಅವಳಿಗೆ."

"ಹೇಳ್ದೆ. ಆಗ ಅದು ಅಂತು, ಮೇಷ್ಟ್ರ ಪುಸ್ತಕದಲ್ಲಿ ಹತ್ತಕ್ಕಿದೆ ಅಂತ." ಅವನು ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ನೀವು ಹತ್ತು ಅಂದ್ರೆ ಹತ್ತೇ ಇರುತ್ತೆ ಬಿಡಿ. ನೀವು ಓದಿದೋರು, ಒಂದಿನ ತಪ್ಪಿಸ್ದೋರಲ್ಲ. ನಾನೇ ಎಲ್ಲೋ ಗಾಬರೀಲಿ ಮೇಲಿನ ಸಾಲಲ್ಲಿ ಬರ್ದೆ ಅಂತ ಕಾಣುತ್ತೆ. ತಪ್ಪಾಯ್ತು ಅಂತ ಹೇಳ್ದೆ."

ತಪ್ಪಾಯ್ತು ಅಂತ ಹೇಳಿದನಂತೆ. ಮೊಣಕಾಲು ನೀರಲ್ಲಿ ನಿಂತು ಸರಿಯಾಗಿ ಬರೆದವನು, ಆರು ವರ್ಷ ಸುಳ್ಳನ್ನು ಮೆರೆಸಿದವನ ಮಾತು ನಂಬಿ, ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡನಂತೆ. ನನಗೆ ಸಿಟ್ಟು ಬಂತು. ಮೊದಲು ಅವನ ಮೇಲೆ ಬಂತು, ಅಷ್ಟು ಸುಲಭಕ್ಕೆ ಸೋತನಲ್ಲ ಎಂದು. ಆಮೇಲೆ ಅದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿತು.

"ನೀನು ಬರ್ದಿದ್ದು ಸರಿ ಇದೆ ಕಣೋ" ಎಂದೆ. "ಒಂಬತ್ತೇ."

"ಅಂದ್ರೆ?"

"ಅಂದ್ರೆ ತಪ್ಪು ನಂದು. ಒಂಬತ್ತಕ್ಕೆ ನಾನು ಬಂದಿರ್ಲಿಲ್ಲ. ಮನೇಲಿ ಕೂತು ಬರ್ದೆ."

ಆ ದಿನಗಳಲ್ಲಿ ಮನೆಯಲ್ಲಿ ಏನಾಗಿತ್ತು ಎಂಬುದು ಅವನಿಗೂ ಗೊತ್ತು, ಊರಿಗೂ ಗೊತ್ತು. "ಇನ್ನೊಂದು ಟೀ ಕುಡೀರಿ" ಎಂದ. ಕುಡಿದೆ. ಬಾಯಿಗೆ ಏನೂ ರುಚಿ ಹತ್ತಲಿಲ್ಲ.

ಮನೆಗೆ ಬಂದು ಬಿಂದುಶ್ರೀಗೆ ಫೋನ್ ಮಾಡಿ ಬರಹೇಳಿದೆ. ಮಧ್ಯಾಹ್ನ ಮೂರು ಗಂಟೆಗೆ ಬಂದಳು. ಕೂರುವ ಮೊದಲೇ ಹೇಳಿಬಿಟ್ಟೆ, ಕೂತ ಮೇಲೆ ಹೇಳಲಾಗುತ್ತದೋ ಇಲ್ಲವೋ ಎಂಬ ಭಯದಿಂದ. ಒಂಬತ್ತರ ಅಂಕಿ ನಾನು ಕಟ್ಟಿದ್ದು. ಹತ್ತರಂದು ಅಳೆದದ್ದು ಎರಡು ದಿನದ ಮಳೆ. ಮುರುಗೇಶಪ್ಪನ ಪುಸ್ತಕ ಸರಿ.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಅವಳ ಮುಖ ಅರಳಿತು.

"ಅಯ್ಯೋ, ಇಷ್ಟೇನಾ ಸರ್! ಎಂಥಾ ತಲೆಬಿಸಿ ಆಗಿತ್ತು ಗೊತ್ತಾ ನಂಗೆ. ಇದು ಎಲ್ಲಾ ಕಡೆ ಆಗುತ್ತೆ. ಒಂದಿನ ನೋಡಕ್ಕಾಗ್ಲಿಲ್ಲ ಅಂದ್ರೆ ಖಾಲಿ ಬಿಟ್ಟು, ಮಾರನೇ ದಿನದ್ದಕ್ಕೆ ಎರಡು ದಿನದ್ದು ಅಂತ ಗುರುತು ಹಾಕಿದ್ರೆ ಸಾಕು. ನೀರೇನು ಓಡಿ ಹೋಗಲ್ವಲ್ಲ. ಹಳ್ಳದ ಲೆಕ್ಕ ಹಿಡಿದು ನಾವು ಹಂಚ್ಕೋತೀವಿ."

ಅಲ್ಲೇ ಕೂತು ಹಂಚಿದಳು. ಒಂಬತ್ತಕ್ಕೆ ಸುಮಾರು ನೂರ ಇಪ್ಪತ್ತನಾಲ್ಕು, ಹತ್ತಕ್ಕೆ ಅರವತ್ತಮೂರು. ಪರದೆಯ ಮೇಲೆ ಗೆರೆಗಳು ಸರಿದು ಕೂತವು. ಮೊದಲು ಮಳೆ, ಅದರ ಹಿಂದೆ ಹಳ್ಳ. ನನ್ನ ಅತಿ ದೊಡ್ಡ ಮಳೆ ಎರಡನೆಯ ಸ್ಥಾನಕ್ಕೆ ಇಳಿಯಿತು. ಹದಿನಾರು ವರ್ಷದ ಹಿಂದಿನ ಯಾವುದೋ ಒಂದು ಸೋಮವಾರದ ನೂರ ಮೂವತ್ತೊಂದು ಅದರ ಜಾಗದಲ್ಲಿ ಬಂದು ಕೂತಿತು.

"ಒಂಬತ್ತಕ್ಕೆ ಯಾಕೆ ಬರಕ್ಕಾಗ್ಲಿಲ್ಲ ಅಂತ ಒಂದು ಸಾಲು ಬರೀಬೇಕು ಸರ್. ಏನಂತ ಬರೀಲಿ?"

"ಶಿವಮೊಗ್ಗದಲ್ಲಿ ಕೆಲಸ ಇತ್ತು" ಎಂದೆ.

ಅವಳು ಬರೆದುಕೊಂಡಳು. ನನ್ನ ಮುಖದಲ್ಲಿ ಏನು ಕಂಡಳೋ, ಸಮಾಧಾನ ಮಾಡುವವಳ ಹಾಗೆ ಪುಟದ ಮೇಲೆ ಬೆರಳಿಟ್ಟಳು.

"ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋಬೇಡಿ. ನೋಡಿ, ಹತ್ತಕ್ಕೆ ನೂರ ಎಂಬತ್ತೇಳು ಪಾಯಿಂಟ್ ನಾಲ್ಕು. ಹನ್ನೊಂದಕ್ಕೆ ಬರೀ ನಾಲ್ಕು ಪಾಯಿಂಟ್ ಎರಡು. ಹನ್ನೆರಡಕ್ಕೆ ಸೊನ್ನೆ. ಎಲ್ಲಾ ಕೂಡಿದ್ರೂ ನೂರ ತೊಂಬತ್ತೊಂದು ಪಾಯಿಂಟ್ ಆರು. ಬಾಟ್ಲಿ ಇನ್ನೂರು ಹಿಡಿಯುತ್ತಲ್ಲ? ನಿಮ್ಮ ಕೆಲಸ ಮುಗೀದೇ ಇದ್ದಿದ್ರೆ ನೀವು ಹತ್ತಕ್ಕೂ ಬರ್ಬೇಕಾಗಿರ್ಲಿಲ್ಲ. ಆರಾಮಾಗಿ ಶಿವಮೊಗ್ಗದಲ್ಲೇ ಇದ್ದು ಹನ್ನೆರಡಕ್ಕೆ ಬಂದಿದ್ರೂ ಒಂದು ಹನಿ ಹೋಗ್ತಿರ್ಲಿಲ್ಲ."

ಮೂರನೇ ಕ್ಲಾಸಿನ ಕೂಡುವ ಲೆಕ್ಕ. ಮೂವತ್ತಮೂರು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಎರಡು ಅಂಕಿಗಳೂ ನನ್ನದೇ ಕೈಬರಹದಲ್ಲಿ ಒಂದರ ಕೆಳಗೊಂದು ಆರು ವರ್ಷದಿಂದ ಕೂತಿದ್ದವು. ನಾನು ಒಂದು ದಿನವೂ ಕೂಡಿರಲಿಲ್ಲ. ಕೂಡಬಾರದು ಎಂದು ನನ್ನೊಳಗೆ ಯಾರಿಗೋ ಗೊತ್ತಿತ್ತೇನೋ.

ಬಿಂದುಶ್ರೀ ಎರಡು ದಿನದಲ್ಲಿ ಉಳಿದ ಪುಸ್ತಕ ಮುಗಿಸುತ್ತೇನೆಂದು ಹೇಳಿ ಹೊರಟಳು. ಮೆಟ್ಟಿಲಿನ ತನಕ ಹೋಗಿ ಬೀಳ್ಕೊಟ್ಟೆ. ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಪೈಪು ಕತ್ತರಿಸಿಕೊಳ್ಳುತ್ತಿದ್ದರು. ಅತ್ತೆ. ಮೀರಾ ಹೋದ ದಿನ ಅತ್ತಿರಲಿಲ್ಲ, ಏಕೆಂದರೆ ಅವತ್ತು ನನ್ನ ಕೈಯಲ್ಲಿ ಒಂದು ಅಂಕಿ ಇತ್ತು. ಈಗ ಏನೂ ಇರಲಿಲ್ಲ.

ಅವತ್ತು ಬುಧವಾರ. ಅದೇ ಸಾಯಂಕಾಲ ಐದು ಗಂಟೆಗೆ ನಾನಾಗಿ ನವ್ಯಾಳಿಗೆ ಫೋನ್ ಮಾಡಿದೆ.

"ಏನಪ್ಪ, ಹುಷಾರಿದ್ದೀರಾ?" ಗಾಬರಿಯಿಂದ ಕೇಳಿದಳು. ನಾನು ವಾರದ ಮಧ್ಯೆ ಫೋನ್ ಮಾಡುವವನಲ್ಲ.

"ಹುಷಾರಿದ್ದೀನಿ. ನವ್ಯಾ, ಅವತ್ತು ಬಾಟ್ಲಿ ಉಕ್ತಿರ್ಲಿಲ್ಲ ಕಣೆ. ಇವತ್ತು ಕೂಡಿ ನೋಡ್ದೆ. ಹನ್ನೊಂದರ ಮಳೆ ಸೇರಿದ್ರೂ ಇನ್ನೂ ಎಂಟು ಮಿಲಿಮೀಟರಿಗೆ ಜಾಗ ಇತ್ತು. ನಾನು ಅಲ್ಲೇ ಇರ್ಬಹುದಿತ್ತು. ಅಮ್ಮನ ಹತ್ರ ಇರ್ಬಹುದಿತ್ತು."

"ಗೊತ್ತಪ್ಪ" ಎಂದಳು.

"ಏನು ಗೊತ್ತು?"

"ಅಮ್ಮನ ಮೊದಲ ಮಾಸಿಕಕ್ಕೆ ಬಂದಾಗ ನಿಮ್ಮ ಪುಸ್ತಕ ತೆಗ್ದು ನೋಡಿದ್ದೆ. ಆಗಲೇ ಕೂಡಿದ್ದೆ. ನೂರ ತೊಂಬತ್ತೊಂದು ಪಾಯಿಂಟ್ ಆರು." ಅವಳ ದನಿ ಸಣ್ಣದಾಗಿತ್ತು. "ಒಂಬತ್ತರ ಮುಂದೆ ಇಪ್ಪತ್ತೆರಡೂವರೆ ಬರ್ದಿದ್ರಿ. ಒಂಬತ್ತಕ್ಕೆ ನೀವು ಎಲ್ಲಿದ್ರಿ ಅಂತ ನಂಗೊತ್ತಿಲ್ವಾ? ಅಮ್ಮಂಗೆ ಮೋಸಂಬಿ ಸುಲೀತಿದ್ರಿ."

ಅವಳು ಎದ್ದು ಒಳಗೆ ಹೋಗುತ್ತಿದ್ದ ಆ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಅಡುಗೆಮನೆಯ ಬಾಗಿಲು, ಅವಳ ಬೆನ್ನು, ಹಿಂದಿನಿಂದ ನನ್ನ ಬಾಯಿ ಬಡಾಯಿ.

"ಆರು ವರ್ಷ ನಾನು ಬಾಟ್ಲಿ ಬಾಟ್ಲಿ ಅಂತ ಬಡ್ಕೋತಿದ್ದಾಗ ಒಂದು ಮಾತು ಹೇಳ್ಬಾರ್ದಿತ್ತೇನೆ?"

"ಹೇಳಿದ್ರೆ ನಿಮ್ಮ ಹತ್ರ ಇನ್ನೇನು ಉಳೀತಿತ್ತಪ್ಪ?"

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.